ಮೂರು ಚೌಕಗಳಿಗೆ ಎಷ್ಟು ಅಂಕ?

ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಗಣಿತ ಪುಸ್ತಕದಲ್ಲಿ, ನಿರ್ದೇಶಾಂಕ ರೇಖಾಗಣಿತದ ಅಧ್ಯಾಯದ ಕೊನೆಗೆ, ಪರೀಕ್ಷೆಗೆ ಸೇರದ ಐಚ್ಛಿಕ ಅಭ್ಯಾಸಗಳ ನಡುವೆ, ಬಹುಕಾಲ ಒಂದು ಲೆಕ್ಕವಿತ್ತು. ಒಂದು ಚೌಕದ ಅಭಿಮುಖ ಶೃಂಗಗಳೆರಡು (−1, 2) ಮತ್ತು (3, 2) ಎಂಬ ಬಿಂದುಗಳಲ್ಲಿವೆ. ಮಿಕ್ಕೆರಡು ಶೃಂಗಗಳ ನಿರ್ದೇಶಾಂಕಗಳನ್ನು ಕಂಡುಹಿಡಿಯಬೇಕು. ದೂರ ಸೂತ್ರವನ್ನು ಬಲ್ಲ ವಿದ್ಯಾರ್ಥಿಯು ಬಾಹುಗಳು ಸಮವೆಂಬುದರಿಂದ ಒಂದು ಸಮೀಕರಣವನ್ನೂ ಕೋನವು ಲಂಬವೆಂಬುದರಿಂದ ಇನ್ನೊಂದನ್ನೂ ಪಡೆದು, ಅವೆರಡನ್ನೂ ಬಿಡಿಸಿ, (1, 4), (1, 0) ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾನೆ. ಪುಸ್ತಕದ ಹಿಂಭಾಗದಲ್ಲಿ ಅಚ್ಚಾದ ಉತ್ತರವೂ ಅದೇ ಆಗಿರುವುದರಿಂದ ಅಲ್ಲಿಗೆ ಆ ಲೆಕ್ಕದ ಆಯುಸ್ಸು ಮುಗಿಯುತ್ತದೆ.

ಈ ಲೆಕ್ಕದಿಂದ, ಶೃಂಗಗಳು ಅಭಿಮುಖವಾಗಿರಬೇಕೆಂಬ ಒಂದೇ ನಿಬಂಧನೆಯನ್ನು ತೆಗೆದುಹಾಕಿ, ಇವು ಒಂದು ಚೌಕದ ಯಾವುವಾದರೂ ಎರಡು ಶೃಂಗಗಳು, ಉಳಿದವು ಎಲ್ಲೆಲ್ಲಿ ಇರಬಹುದು ಎಂದು ಕೇಳಿ ನೋಡಿರಿ. ಕೊಟ್ಟ ಬಿಂದುಗಳನ್ನು ಕರ್ಣದ ತುದಿಗಳೆಂದು ಭಾವಿಸಿದರೆ ಮೊದಲಿನ ಚೌಕವೇ ದೊರೆಯುತ್ತದೆ. ಬಾಹುವಿನ ತುದಿಗಳೆಂದು ಭಾವಿಸಿದರೆ ಮೇಲುಗಡೆ (−1, 6), (3, 6) ಎಂಬ ಶೃಂಗಗಳುಳ್ಳ ಒಂದು ಚೌಕವೂ, ಕೆಳಗಡೆ (−1, −2), (3, −2) ಎಂಬ ಶೃಂಗಗಳುಳ್ಳ ಮತ್ತೊಂದು ಚೌಕವೂ ಕಾಣಿಸಿಕೊಳ್ಳುತ್ತವೆ. ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದ ವಿದ್ಯಾರ್ಥಿಗೆ, ಸಣ್ಣ ಚೌಕದ ಹೊಸ ಶೃಂಗಗಳಾದ (1, 4), (1, 0) ಎಂಬವು ದೊಡ್ಡ ಚೌಕಗಳೆರಡರ ಕೇಂದ್ರಬಿಂದುಗಳೇ ಆಗಿವೆಯೆಂಬುದು ಯಾರೂ ಹೇಳದೆಯೇ ಕಣ್ಣಿಗೆ ಬೀಳುತ್ತದೆ. ಸಣ್ಣದರ ವಿಸ್ತೀರ್ಣ 8, ದೊಡ್ಡವುಗಳದು 16. ಇದು ಸರಿಯಾಗಿ ಅರ್ಧವಾದದ್ದು ಆಕಸ್ಮಿಕವೋ ನಿಯಮವೋ ಎಂಬ ಪ್ರಶ್ನೆಯು ಆಗ ವಿದ್ಯಾರ್ಥಿಯ ಬಾಯಿಂದಲೇ ಬರುತ್ತದೆ. ಒಂದು ನಿಬಂಧನೆಯನ್ನು ಸಡಿಲಿಸಿದ ಮಾತ್ರಕ್ಕೆ ಒಂದು ಅಭ್ಯಾಸವು ಶೋಧನೆಯಾಗಿ ಪರಿಣಮಿಸಿತು. ಇಂಥವನ್ನೇ ಶಿಕ್ಷಣಶಾಸ್ತ್ರಜ್ಞರು ಮುಕ್ತ ಸಮಸ್ಯೆಗಳೆಂದು ಕರೆಯುತ್ತಾರೆ.

ಗಣಿತವೆಂದರೆ ಒಂದೇ ಉತ್ತರವುಳ್ಳ ಶಾಸ್ತ್ರ, ಅಲ್ಲಿ ಅಭಿಪ್ರಾಯಕ್ಕೆ ಎಡೆಯಿಲ್ಲ ಎಂದು ನಂಬಿ ಬೆಳೆದವರಿಗೆ ಮುಕ್ತ ಸಮಸ್ಯೆಯೆಂಬುದು ಶಾಸ್ತ್ರದ ಬಿಗಿಯನ್ನು ಕೆಡಿಸುವ ನವೀನ ವಿಲಾಸದಂತೆ ತೋರುವುದುಂಟು. ಆದರೆ ನಿರ್ದೇಶಾಂಕ ರೇಖಾಗಣಿತದ ಹುಟ್ಟೇ ಈ ಭಾವನೆಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ. 1637ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಪ್ರಕಟವಾದ ತನ್ನ ತತ್ತ್ವಗ್ರಂಥಕ್ಕೆ ಅನುಬಂಧವಾಗಿ ರೆನೆ ದೆಕಾರ್ತನು ರೇಖಾಗಣಿತವನ್ನು ಕುರಿತು ಬರೆದ ಪ್ರಬಂಧದಲ್ಲಿ ಮುಖ್ಯವಾಗಿ ಎತ್ತಿಕೊಂಡದ್ದು ಪ್ರಾಚೀನ ಗ್ರೀಕ್ ಗಣಿತಜ್ಞನಾದ ಪಾಪ್ಪಸನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಸಮಸ್ಯೆಯನ್ನು. ಕೆಲವು ಸರಳರೇಖೆಗಳನ್ನು ಕೊಟ್ಟಿದೆ. ಒಂದು ಬಿಂದುವಿನಿಂದ ಅವುಗಳಲ್ಲಿ ಕೆಲವಕ್ಕಿರುವ ದೂರಗಳ ಗುಣಲಬ್ಧವು ಉಳಿದವಕ್ಕಿರುವ ದೂರಗಳ ಗುಣಲಬ್ಧದೊಡನೆ ನಿಶ್ಚಿತವಾದ ಅನುಪಾತದಲ್ಲಿರಬೇಕು. ಅಂಥ ಬಿಂದು ಎಲ್ಲಿದೆ? ಇದಕ್ಕೆ ಉತ್ತರ ಒಂದು ಬಿಂದುವಲ್ಲ, ಅನಂತ ಬಿಂದುಗಳು. ಅವೆಲ್ಲ ಸೇರಿ ಒಂದು ವಕ್ರರೇಖೆಯಾಗುತ್ತವೆ. ಅದೇ ಕಾಲದಲ್ಲಿ ಫರ್ಮಾ ತಾನಾಗಿಯೇ ಇದೇ ದಾರಿಯಲ್ಲಿ ನಡೆದು ಬರೆದ ಗ್ರಂಥವಾದರೋ ಅವನ ಮರಣಾನಂತರ, 1679ರಲ್ಲಿ, ಅಚ್ಚಾಯಿತು. ಅನಂತವಾದ ಉತ್ತರಗಳನ್ನು ಒಂದು ಸಮೀಕರಣದಲ್ಲಿ ಹಿಡಿದಿಡುವುದಕ್ಕಾಗಿಯೇ ಜನ್ಮ ತಾಳಿದ ಶಾಸ್ತ್ರವನ್ನು ನಾವು ಎರಡು ಬಿಂದುಗಳ ನಡುವಣ ದೂರವೆಷ್ಟು ಎಂಬಲ್ಲಿಗೆ ನಿಲ್ಲಿಸಿದ್ದೇವೆ. ದೆಕಾರ್ತನು ತನ್ನ ಪ್ರಬಂಧವನ್ನು ಮುಗಿಸುವಾಗ, ತಾನು ವಿವರಿಸಿದ್ದಕ್ಕೆ ಮಾತ್ರವಲ್ಲದೆ, ಮುಂದಿನವರಿಗೆ ಶೋಧನೆಯ ಆನಂದ ಉಳಿಯಲೆಂದು ತಾನು ಬುದ್ಧಿಪೂರ್ವಕವಾಗಿ ಬಿಟ್ಟದ್ದಕ್ಕಾಗಿಯೂ ಅವರು ತನ್ನನ್ನು ಆದರದಿಂದ ಕಾಣುವರೆಂದು ಆಶಿಸಿದನು. ಪಠ್ಯಪುಸ್ತಕಗಳನ್ನು ರಚಿಸುವವರು ಈ ಔದಾರ್ಯವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಯುಕ್ತ.

ಮುಕ್ತ ಸಮಸ್ಯೆಗಳನ್ನು ಕ್ರಮಬದ್ಧವಾಗಿ ತರಗತಿಗೆ ತಂದ ಕೀರ್ತಿ ಜಪಾನಿನ ಗಣಿತಾಧ್ಯಾಪಕರಿಗೆ ಸಲ್ಲತಕ್ಕದ್ದು. 1971ರಿಂದ 1976ರವರೆಗೆ ಶಿಗೆರು ಶಿಮಾಡಾ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಸಂಶೋಧನೆಯ ಫಲವು 1977ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಿತು. ಅಮೆರಿಕದ ಗಣಿತಾಧ್ಯಾಪಕರ ರಾಷ್ಟ್ರೀಯ ಪರಿಷತ್ತು 1997ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಇಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದೇನೆಂದರೆ, ಅವರು ಹೊರಟದ್ದು ಹೊಸ ಬೋಧನಕ್ರಮವೊಂದನ್ನು ಹುಡುಕಿಕೊಂಡಲ್ಲ. ವಿದ್ಯಾರ್ಥಿಯ ಉನ್ನತ ಮಟ್ಟದ ಗಣಿತಚಿಂತನೆಯನ್ನು ಅಳೆಯುವುದು ಹೇಗೆ ಎಂಬ ಮೌಲ್ಯಮಾಪನದ ಪ್ರಶ್ನೆಯನ್ನು ಹಿಡಿದು ಹೊರಟವರು, ಅಂಥ ಚಿಂತನೆಯನ್ನು ಅಳೆಯಬೇಕಾದರೆ ಅದು ಪ್ರಕಟವಾಗುವಂಥ ಪ್ರಶ್ನೆಗಳು ಬೇಕೆಂಬುದನ್ನು ಕಂಡುಕೊಂಡು, ಅಂಥ ಪ್ರಶ್ನೆಗಳಿಂದಲೇ ಪಾಠವನ್ನೂ ನಡೆಸಬಹುದೆಂಬ ನಿರ್ಣಯಕ್ಕೆ ಬಂದರು. ಬೋಧನೆಯೂ ಮೌಲ್ಯಮಾಪನವೂ ಒಂದೇ ಬೇರಿನಿಂದ ಹುಟ್ಟಿದವು ಎಂಬುದನ್ನು ಇವರ ಪ್ರಯತ್ನವು ತೋರಿಸಿತು. ಪ್ರಶ್ನೆಯನ್ನು ಮುಕ್ತವಾಗಿ ಕೇಳಿ, ಉತ್ತರವನ್ನು ಹಳೆಯ ಒರೆಗಲ್ಲಿನ ಮೇಲೆಯೇ ತಿಕ್ಕುವ ಪದ್ಧತಿಯಿಂದ ಯಾವ ಪ್ರಯೋಜನವೂ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅವರ ಸಮಸ್ಯೆಗಳಲ್ಲಿ ಬಹಳ ಪ್ರಸಿದ್ಧವಾದದ್ದು ಗೋಲಿಗಳ ಸಮಸ್ಯೆ. ಮೂವರು ಮಕ್ಕಳು ತಲಾ ಐದು ಗೋಲಿಗಳನ್ನು ನೆಲದ ಮೇಲೆ ಎಸೆಯುತ್ತಾರೆ. ಯಾರ ಗೋಲಿಗಳು ಎಲ್ಲಕ್ಕಿಂತ ಕಡಿಮೆ ಚದರಿವೆಯೋ ಅವರಿಗೆ ಗೆಲುವು. ಚದರಿಕೆಯ ಪ್ರಮಾಣವನ್ನು ಸಂಖ್ಯೆಯಲ್ಲಿ ಹೇಳುವುದಕ್ಕೆ ಎಷ್ಟು ಬಗೆಯ ಉಪಾಯಗಳುಂಟೋ ಅಷ್ಟನ್ನೂ ಯೋಚಿಸಬೇಕು. ಇದನ್ನು ಚೌಕುಳಿ ಹಾಳೆಯ ಮೇಲಿಟ್ಟು ಪ್ರತಿ ಗೋಲಿಗೂ ನಿರ್ದೇಶಾಂಕಗಳನ್ನು ಕೊಟ್ಟೆವೆಂದರೆ ನಮ್ಮ ಹತ್ತನೆಯ ತರಗತಿಯ ಅಧ್ಯಾಯವೆಲ್ಲ ಅದರೊಳಗೆ ಅಡಕವಾಗುತ್ತದೆ. ಒಬ್ಬಳು ಹೊರಗಣ ಗೋಲಿಗಳನ್ನು ಗೆರೆಗಳಿಂದ ಸೇರಿಸಿ ಬಹುಭುಜದ ವಿಸ್ತೀರ್ಣವನ್ನು ಕಂಡುಹಿಡಿಯುತ್ತಾಳೆ. ಇನ್ನೊಬ್ಬನು ಸುತ್ತಳತೆಯನ್ನು ಹಿಡಿಯುತ್ತಾನೆ. ಮತ್ತೊಬ್ಬನು ಅತ್ಯಂತ ದೂರದಲ್ಲಿರುವ ಎರಡು ಗೋಲಿಗಳ ಅಂತರವೇ ಸಾಕೆನ್ನುತ್ತಾನೆ. ನಿರ್ದೇಶಾಂಕಗಳ ಸರಾಸರಿಯಿಂದ ಒಂದು ಮಧ್ಯಸ್ಥಾನವನ್ನು ಗುರುತಿಸಿ, ಅಲ್ಲಿಂದ ಪ್ರತಿ ಗೋಲಿಗೂ ಇರುವ ದೂರಗಳನ್ನು ಕೂಡಿಸುವವರೂ, ಎಲ್ಲ ಗೋಲಿಗಳನ್ನೂ ಒಳಗೊಳ್ಳುವ ಅತ್ಯಂತ ಚಿಕ್ಕ ವೃತ್ತವನ್ನು ಅರಸುವವರೂ ಇರುತ್ತಾರೆ. ನಿಜವಾದ ಗಣಿತವು ಆರಂಭವಾಗುವುದು ಇದರ ಅನಂತರ. ಐದು ಗೋಲಿಗಳು (0, 0), (3, 0), (6, 0), (9, 0), (12, 0) ಎಂದು ಒಂದೇ ಸಾಲಿನಲ್ಲಿ ಬಿದ್ದಿದ್ದರೆ ವಿಸ್ತೀರ್ಣ ಸೊನ್ನೆಯಾಗುವುದಲ್ಲವೆ, ಹಾಗಾದರೆ ಅವು ಚದರಿಯೇ ಇಲ್ಲವೆಂದು ಹೇಳಲಾದೀತೆ ಎಂದು ಯಾರಾದರೂ ಕೇಳಿದ ಕೂಡಲೇ ಮೊದಲಿನವಳು ತನ್ನ ಅಳತೆಗೋಲನ್ನು ತಾನೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಪ್ರತಿಯೊಂದು ಉಪಾಯವೂ ಎಲ್ಲಿ ಸೋಲುತ್ತದೆಂಬುದನ್ನು ವಿಚಾರಿಸುವ ಈ ಹಂತದಲ್ಲಿ ಮಕ್ಕಳು ಸೂತ್ರವನ್ನು ಪ್ರಯೋಗಿಸುವವರಾಗಿ ಉಳಿಯದೆ ಸೂತ್ರವನ್ನು ನಿರ್ಮಿಸುವವರಾಗುತ್ತಾರೆ.

ಜಪಾನಿನ ತರಗತಿಯೊಂದರಲ್ಲಿ ನಡೆದ ಇನ್ನೊಂದು ಪಾಠವನ್ನು ಕೊಂಚ ಹತ್ತಿರದಿಂದ ನೋಡುವುದು ಅಗತ್ಯ. 1995ರ ಅಂತರರಾಷ್ಟ್ರೀಯ ಗಣಿತ-ವಿಜ್ಞಾನ ಅಧ್ಯಯನದ ಅಂಗವಾಗಿ ಜರ್ಮನಿ, ಜಪಾನ್, ಅಮೆರಿಕ ಈ ಮೂರು ದೇಶಗಳ ಎಂಟನೆಯ ತರಗತಿಯ 231 ಪಾಠಗಳನ್ನು ವಿಡಿಯೋದಲ್ಲಿ ಸೆರೆಹಿಡಿದರು. 1999ರಲ್ಲಿ ಸ್ಟಿಗ್ಲರ್ ಮತ್ತು ಹೀಬರ್ಟ್ ಎಂಬ ವಿದ್ವಾಂಸರು ಅವುಗಳನ್ನಾಧರಿಸಿ ಗ್ರಂಥವೊಂದನ್ನು ಬರೆದರು. ಸಾರ್ವಜನಿಕರಿಗೆ ಬಿಡುಗಡೆಯಾದ ಜಪಾನಿ ಪಾಠಗಳಲ್ಲಿ ಒಂದರ ವಸ್ತು ಹೀಗಿದೆ: ಇಬ್ಬರ ಹೊಲಗಳ ನಡುವಣ ಬದು ನಡುವೆ ಡೊಂಕಾಗಿದೆ, ಇಬ್ಬರ ಪಾಲಿನ ವಿಸ್ತೀರ್ಣವೂ ಬದಲಾಗದಂತೆ ಅದನ್ನು ನೇರ ಮಾಡಬೇಕು. ಅಲ್ಲಿನ ವಿದ್ಯಾರ್ಥಿಗಳು ಸಮಾಂತರ ರೇಖೆಗಳ ನಡುವಣ ತ್ರಿಭುಜಗಳ ಸಮವಿಸ್ತೀರ್ಣತೆಯನ್ನು ಬಳಸಿ ಬಿಡಿಸಿದ ಈ ಸಮಸ್ಯೆಯನ್ನು ನಿರ್ದೇಶಾಂಕಗಳ ಸಮತಲಕ್ಕೆ ತಂದರೆ ಅದು ಇನ್ನಷ್ಟು ಅರಳುತ್ತದೆ.

ಒಂದು ಆಯತಾಕಾರದ ಭೂಮಿ ಪಶ್ಚಿಮದಲ್ಲಿ ವೈ-ಅಕ್ಷದಿಂದ ತೊಡಗಿ ಪೂರ್ವಕ್ಕೆ 12 ಮಾನಗಳವರೆಗೂ, ದಕ್ಷಿಣದಲ್ಲಿ ಎಕ್ಸ್-ಅಕ್ಷದಿಂದ ತೊಡಗಿ ಉತ್ತರಕ್ಕೆ 6 ಮಾನಗಳವರೆಗೂ ಹಬ್ಬಿದೆಯೆನ್ನೋಣ. ಬದುವು (4, 0) ಎಂಬಲ್ಲಿ ಹೊರಟು (7, 3) ಎಂಬಲ್ಲಿ ತಿರುಗಿ (2, 6) ಎಂಬಲ್ಲಿ ಮುಗಿಯುತ್ತದೆ. ಪಶ್ಚಿಮದ ಪಾಲನ್ನು ಎರಡು ತ್ರಾಪಿಜ್ಯಗಳಾಗಿ ವಿಭಾಗಿಸಿದರೆ ಕೆಳಗಿನದು 16.5, ಮೇಲಿನದು 13.5, ಒಟ್ಟು 30 ಚದರ ಮಾನ. ಕೆಳತುದಿಯನ್ನು ಇದ್ದಲ್ಲೇ ಇಡುವೆನೆಂಬ ವಿದ್ಯಾರ್ಥಿ ಮೇಲ್ತುದಿಯನ್ನು (6, 6) ಕ್ಕೆ ಒಯ್ಯುತ್ತಾನೆ; ಮೇಲ್ತುದಿಯನ್ನು ಕದಲಿಸೆನೆಂಬವಳು ಕೆಳತುದಿಯನ್ನು (8, 0) ಕ್ಕೆ ತರುತ್ತಾಳೆ; ಬದುವು ನೆಟ್ಟಗೆ ಉತ್ತರ-ದಕ್ಷಿಣವಾಗಿದ್ದರೆ ಉಳುವುದಕ್ಕೆ ಅನುಕೂಲವೆಂದು ಯೋಚಿಸುವ ಒಕ್ಕಲು ಮನೆಯ ಹುಡುಗನು (5, 0) ರಿಂದ (5, 6) ಕ್ಕೆ ಗೆರೆ ಎಳೆಯುತ್ತಾನೆ. ಮೂರೂ ಸರಿ. ಕರಿಹಲಗೆಯ ಮೇಲೆ ಈ ಉತ್ತರಗಳನ್ನು ಒಂದರ ಕೆಳಗೊಂದಾಗಿ ಬರೆದಾಗ, ಎರಡು ತುದಿಗಳ ಎಕ್ಸ್ ನಿರ್ದೇಶಾಂಕಗಳ ಮೊತ್ತ ಎಲ್ಲ ಸಂದರ್ಭಗಳಲ್ಲಿಯೂ 10 ಆಗಿರುವುದು ಯಾರಿಗಾದರೂ ಹೊಳೆಯುತ್ತದೆ. ಹೊಳೆದ ಮೇಲೆ ಉತ್ತರಗಳು ಮೂರಲ್ಲ, ಎಣಿಸಲಾಗದಷ್ಟಿವೆಯೆಂಬುದು ತಾನೇ ಸಿದ್ಧವಾಗುತ್ತದೆ. ಆ ಗೆರೆಗಳನ್ನೆಲ್ಲ ಒಂದೇ ಚಿತ್ರದಲ್ಲಿ ಎಳೆದು ನೋಡಿದವರಿಗೆ ಅವು ಒಂದೇ ಬಿಂದುವಿನಲ್ಲಿ, (5, 3) ರಲ್ಲಿ, ಕೂಡುವುದು ಕಾಣುತ್ತದೆ. ಮಧ್ಯಬಿಂದು ಸೂತ್ರವನ್ನು ಬಲ್ಲವರು ಅದಕ್ಕೆ ಕಾರಣವನ್ನೂ ಹೇಳಬಲ್ಲರು. ಹಾಗಾದರೆ (5, 3) ರ ಮೂಲಕ ಹೋಗುವ ಯಾವ ಗೆರೆಯಾದರೂ ಆದೀತೆ? ಆಗದು. ಅದೇ ಬಿಂದುವಿನ ಮೂಲಕ ಪೂರ್ವ-ಪಶ್ಚಿಮವಾಗಿ ಗೆರೆ ಎಳೆದರೆ ಭೂಮಿ 36, 36 ಎಂದು ಒಡೆದು ಒಬ್ಬನಿಗೆ ಅನ್ಯಾಯವಾಗುತ್ತದೆ. ಗೆರೆಯ ತುದಿಗಳು ಉತ್ತರದ ಮತ್ತು ದಕ್ಷಿಣದ ಅಂಚುಗಳ ಮೇಲೆಯೇ ಇರಬೇಕೆಂಬ ನಿಬಂಧನೆಯನ್ನು ನಾವು ಮಾತಿಲ್ಲದೆ ಒಪ್ಪಿಕೊಂಡಿದ್ದೆವು; ಅದನ್ನು ಬಾಯಿಬಿಟ್ಟು ಹೇಳಬೇಕಾದ ಅವಶ್ಯಕತೆ ಈಗ ಮಕ್ಕಳಿಗೇ ಗೋಚರವಾಗುತ್ತದೆ. ನಿಯಮವನ್ನು ಕಂಡುಕೊಂಡ ಗಳಿಗೆಗಿಂತಲೂ ನಿಯಮದ ಎಲ್ಲೆಯನ್ನು ಕಂಡುಕೊಂಡ ಗಳಿಗೆಯೇ ಈ ಪಾಠದ ಉತ್ಕೃಷ್ಟ ಭಾಗವೆಂದು ನಾನು ತಿಳಿಯುತ್ತೇನೆ.

ಇಂಥ ಪಾಠವನ್ನು ನಡೆಸಲು ಉಪಾಧ್ಯಾಯನಿಗೆ ವಿಶೇಷವಾದ ಸಂಯಮ ಬೇಕು. ಮಕ್ಕಳು ಕೆಲಸ ಮಾಡುತ್ತಿರುವಾಗ ಆತನು ಬೆಂಚುಗಳ ನಡುವೆ ಸುತ್ತಾಡುತ್ತ, ಯಾರು ಯಾವ ದಾರಿ ಹಿಡಿದಿದ್ದಾರೆಂಬುದನ್ನು ಗುರುತು ಹಾಕಿಕೊಳ್ಳುತ್ತ, ಯಾವ ಉತ್ತರವನ್ನು ಮೊದಲು ಹಲಗೆಗೆ ಕರೆಯಬೇಕು, ಯಾವುದನ್ನು ಕೊನೆಗೆ ಎಂಬುದನ್ನು ಮನಸ್ಸಿನಲ್ಲಿ ನಿರ್ಣಯಿಸಿಕೊಳ್ಳಬೇಕು. ಅತ್ಯಂತ ಚತುರವಾದ ಉತ್ತರವೇ ಮೊದಲು ಹಲಗೆಗೆ ಬಂದುಬಿಟ್ಟರೆ ಮಿಕ್ಕವರ ಪ್ರಯತ್ನವೆಲ್ಲ ಮಂಕಾಗುತ್ತದೆ. ಜಪಾನಿನಲ್ಲಿ ಹಲಗೆಯ ಮೇಲೆ ಬರೆದದ್ದನ್ನು ಪಾಠ ಮುಗಿಯುವವರೆಗೂ ಒರೆಸದಿರುವ ರೂಢಿಯಿದೆ. ಹಾಗಿದ್ದರೇ ಮೂರು ಉತ್ತರಗಳನ್ನು ಹೋಲಿಸಿ 10 ಎಂಬ ಮೊತ್ತವನ್ನು ಕಾಣುವುದು ಸಾಧ್ಯ.

ಇನ್ನು ಅಂಕಗಳ ಮಾತು. ಜಪಾನಿನ ಅಧ್ಯಾಪಕರು ಉತ್ತರಗಳನ್ನು ಮುಖ್ಯವಾಗಿ ಮೂರು ಗುಣಗಳಿಂದ ತೂಗಿದರು: ಎಷ್ಟು ಉತ್ತರಗಳು ಬಂದಿವೆಯೆಂಬ ಧಾರಾಳತೆ, ಎಷ್ಟು ಭಿನ್ನ ಭಾವನೆಗಳಿಂದ ಬಂದಿವೆಯೆಂಬ ನಮ್ಯತೆ, ಇತರರಿಗೆ ಹೊಳೆಯದಿದ್ದುದು ಹೊಳೆದಿದೆಯೆ ಎಂಬ ಸ್ವೋಪಜ್ಞತೆ. ಇವುಗಳ ಪರಸ್ಪರ ತಾರತಮ್ಯವನ್ನು ಒಂದು ಸುಲಭವಾದ ಪ್ರಶ್ನೆಯಿಂದ ತಿಳಿಯಬಹುದು. ಮೂಲಬಿಂದುವಿನಿಂದ 5 ಮಾನ ದೂರದಲ್ಲಿರುವ ಬಿಂದುಗಳನ್ನು ಕೊಡಿರಿ ಎಂದು ಕೇಳಿದೆವೆನ್ನಿ. ಒಬ್ಬನು (5, 0), (0, 5), (3, 4), (4, 3) ಎಂದು ತೊಡಗಿ, ಋಣಚಿಹ್ನೆಗಳನ್ನು ಬದಲಿಸುತ್ತ, ಪೂರ್ಣಾಂಕಗಳಿಂದ ಸಾಧ್ಯವಾಗುವ 12 ಬಿಂದುಗಳನ್ನೂ ಬರೆಯುತ್ತಾನೆ. ಇನ್ನೊಬ್ಬಳು ಬರೆದದ್ದು ಎರಡೇ, ಆದರೆ ಅವುಗಳಲ್ಲೊಂದು (√5, √20). ಪೂರ್ಣಾಂಕವಾಗಬೇಕೆಂದು ಯಾರೂ ಕೇಳಿಲ್ಲವೆಂಬುದು ಅವಳಿಗೆ ಅರಿವಾಗಿದೆ. ಮೂರನೆಯವನು ಒಂದು ಬಿಂದುವನ್ನೂ ಬರೆಯದೆ, ಎಕ್ಸ್ ವರ್ಗ ಮತ್ತು ವೈ ವರ್ಗಗಳ ಮೊತ್ತ 25 ಆಗುವ ಬಿಂದುಗಳೆಲ್ಲವೂ ಉತ್ತರಗಳೇ, ಅವು ಸೇರಿ ಒಂದು ವೃತ್ತವಾಗುತ್ತವೆ ಎಂದು ಒಂದು ವಾಕ್ಯದಲ್ಲಿ ಹೇಳುತ್ತಾನೆ. ಉತ್ತರಗಳನ್ನು ಎಣಿಸಿ ಅಂಕ ಕೊಡುವ ಪರೀಕ್ಷಕನ ಕೈಯಲ್ಲಿ ಮೊದಲನೆಯವನಿಗೆ ಪ್ರಥಮ ಸ್ಥಾನವೂ ಮೂರನೆಯವನಿಗೆ ಸೊನ್ನೆಯೂ ದೊರೆಯುತ್ತವೆ. ಮೊದಲನೆಯವನ ಕ್ರಮಬದ್ಧತೆ ಆದರಣೀಯವೇ ಸರಿ. ಆದರೂ ಮೂರನೆಯವನು ಮುಟ್ಟಿದ ಎತ್ತರ ಬೇರೆ. ಆದುದರಿಂದ ಸಂಖ್ಯೆಗೆ ಅಲ್ಪಭಾಗವನ್ನೂ, ಭಿನ್ನವಾದ ಭಾವನೆಗೆ ಹೆಚ್ಚು ಭಾಗವನ್ನೂ, ಸಾಮಾನ್ಯ ನಿಯಮಕ್ಕೆ ಮತ್ತು ಅದರ ಸಮರ್ಥನೆಗೆ ಅತ್ಯಧಿಕ ಭಾಗವನ್ನೂ ಮೊದಲೇ ಗೊತ್ತುಮಾಡಿ, ಅದನ್ನು ಮಕ್ಕಳಿಗೂ ತಿಳಿಸಿರಬೇಕು. ಸ್ವೋಪಜ್ಞತೆಗೆ ಅಂಕ ಕೊಡುವ ವಿಷಯದಲ್ಲಿ ಮಾತ್ರ ನನಗೆ ಸಂಕೋಚವುಂಟು. ತರಗತಿಯಲ್ಲಿ ಇನ್ನಾರಿಗೋ ಅದೇ ಭಾವನೆ ಹೊಳೆಯಿತೆಂಬ ಕಾರಣಕ್ಕೆ ಒಂದು ಮಗುವಿನ ಅಂಕ ಇಳಿಯುವುದು ನ್ಯಾಯವಲ್ಲ. ಅಂಥ ಹೊಳಹನ್ನು ಹಲಗೆಯ ಮೇಲೆ ಆ ಮಗುವಿನ ಹೆಸರಿನೊಡನೆ ಬರೆದು ಗೌರವಿಸುವುದೇ ಮೇಲು.

ತಪ್ಪು ಉತ್ತರಗಳಿಗೂ ಇಲ್ಲಿ ಒಂದು ಬೆಲೆಯಿದೆ. (1, 2), (5, 4) ಎಂಬ ಓರೆಯಾದ ಬಿಂದುಗಳನ್ನು ಕೊಟ್ಟು ಚೌಕವನ್ನು ಪೂರ್ಣಗೊಳಿಸೆಂದರೆ ಅನೇಕರು (1, 4), (5, 2) ಎಂದು ಬರೆಯುವ ಸಂಭವವುಂಟು. ಅದು 4 ಮತ್ತು 2 ಮಾನಗಳ ಬಾಹುಗಳುಳ್ಳ ಆಯತವೇ ಹೊರತು ಚೌಕವಲ್ಲ. ಬಾಹುಗಳು ಅಕ್ಷಗಳಿಗೆ ಸಮಾಂತರವಾಗಿ ನಿಂತರೇ ಚೌಕ ಎಂಬ ಒಂದು ಬೇರೂರಿದ ಭಾವನೆಯನ್ನು ಈ ಉತ್ತರವು ಹೊರಗೆಡಹುತ್ತದೆ. ದೂರ ಸೂತ್ರದಲ್ಲಿ ಸಂಖ್ಯೆಗಳನ್ನು ತುಂಬುವ ಪ್ರಶ್ನೆಯಲ್ಲಿ ಇದು ಎಂದೂ ಬೆಳಕಿಗೆ ಬರುತ್ತಿರಲಿಲ್ಲ. ಮೇಲೆ ಹೇಳಿದ 1995ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ವಿದ್ಯಾರ್ಥಿಗಳೇ ಬರೆದ ಉತ್ತರಗಳಿಗೆ ಎರಡಂಕಿಯ ಸಂಕೇತವನ್ನು ಕೊಡುತ್ತಿದ್ದರು: ಮೊದಲನೆಯ ಅಂಕಿ ಉತ್ತರ ಎಷ್ಟರಮಟ್ಟಿಗೆ ಸರಿಯೆಂಬುದನ್ನೂ, ಎರಡನೆಯದು ವಿದ್ಯಾರ್ಥಿ ಹಿಡಿದ ದಾರಿ ಅಥವಾ ಮಾಡಿದ ತಪ್ಪಿನ ಜಾತಿಯನ್ನೂ ಸೂಚಿಸುತ್ತಿತ್ತು. ನಮ್ಮ ಅಂಕಪುಸ್ತಕದಲ್ಲಿ ಎರಡನೆಯ ಅಂಕಿಗೆ ಜಾಗವಿಲ್ಲ. ಅದೊಂದನ್ನು ಸೇರಿಸಿಕೊಂಡರೂ ನಾಳಿನ ಪಾಠ ಎಲ್ಲಿಂದ ತೊಡಗಬೇಕೆಂಬುದು ಉಪಾಧ್ಯಾಯನಿಗೆ ಸ್ಪಷ್ಟವಾಗುತ್ತದೆ.

ಇದಕ್ಕೆಲ್ಲ ಕಾಲವೆಲ್ಲಿ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಎಸ್‌ಎಸ್‌ಎಲ್‌ಸಿಯಲ್ಲಿ 80 ಅಂಕಗಳ ಲಿಖಿತ ಪರೀಕ್ಷೆ ಎದುರಿಗೆ ನಿಂತಿರುವಾಗ, ತುಂಬಿದ ತರಗತಿಯಲ್ಲಿ ಗೋಲಿಗಳ ಚದರಿಕೆಯನ್ನು ವಿಚಾರಿಸುವುದಕ್ಕೆ ಎಲ್ಲ ಉಪಾಧ್ಯಾಯರಿಗೂ ಎದೆಗಾರಿಕೆ ಇರದು. ಮೇಲಾಗಿ ದೂರ ಸೂತ್ರ, ಭಾಗ ಪ್ರಮಾಣ ಸೂತ್ರಗಳು ಕೈಗೆ ರೂಢಿಯಾಗದ ಹೊರತು ಮುಕ್ತ ಸಮಸ್ಯೆಯೂ ಬರಿಯ ಊಹಾಪೋಹವಾಗುತ್ತದೆ. ಹಾಗಾಗಿ ಒಂದೇ ಉತ್ತರವುಳ್ಳ ಲೆಕ್ಕಗಳ ಅಭ್ಯಾಸವನ್ನು ಬಿಡಬೇಕೆಂದು ನಾನು ಹೇಳಲಾರೆ. ಆದರೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಅಂಗವಾಗಿ ಗಣಿತಬೋಧನೆಯನ್ನು ಕುರಿತು ಸಿದ್ಧವಾದ ನಿಲುವು ಪತ್ರವು ನಮ್ಮ ಶಾಲೆಗಳ ಮುಖ್ಯ ತೊಡಕುಗಳಲ್ಲಿ ಭೀತಿ ಮತ್ತು ವೈಫಲ್ಯದ ಭಾವವನ್ನೂ, ಗಣಿತವನ್ನು ಯಾಂತ್ರಿಕ ಗಣನೆಯೆಂದು ತೋರಿಸುವ ಒರಟಾದ ಮೌಲ್ಯಮಾಪನವನ್ನೂ ಒಟ್ಟಿಗೆ ಹೆಸರಿಸಿರುವುದನ್ನು ಮರೆಯಬಾರದು. ಎಸ್‌ಎಸ್‌ಎಲ್‌ಸಿಯಲ್ಲಿ ಮಿಕ್ಕ 20 ಅಂಕಗಳು ಆಂತರಿಕ ಮೌಲ್ಯಮಾಪನಕ್ಕಾಗಿಯೇ ಮೀಸಲಾಗಿವೆ. ಅವು ನಕಲು ಮಾಡಿದ ಚಟುವಟಿಕೆಯ ಪುಸ್ತಕಗಳಿಗೆ ವ್ಯಯವಾಗುವ ಬದಲು ಬದುವಿನಂಥ ಒಂದೆರಡು ಸಮಸ್ಯೆಗಳಿಗೆ ಮೀಸಲಾಗಲಿ. ಹೊಸ ಸಮಸ್ಯೆಗಳನ್ನು ಸೃಷ್ಟಿಸುವ ಶ್ರಮವೂ ಬೇಕಿಲ್ಲ. ಪಠ್ಯಪುಸ್ತಕದಲ್ಲಿಯೇ ಚಂಪಾ ಮತ್ತು ಚಮೇಲಿಯರು ನಾಲ್ವರು ಗೆಳೆಯರು ಕುಳಿತ (3, 4), (6, 7), (9, 4), (6, 1) ಎಂಬ ಸ್ಥಾನಗಳು ಚೌಕವಾಗುತ್ತವೆಯೋ ಇಲ್ಲವೋ ಎಂದು ವಾದಿಸುವ ಲೆಕ್ಕವಿದೆ. ಅದರ ಉತ್ತರ ಒಂದೇ ಆದರೂ ದಾರಿಗಳು ಅನೇಕ: ನಾಲ್ಕು ಬಾಹುಗಳನ್ನೂ ಎರಡು ಕರ್ಣಗಳನ್ನೂ ಅಳೆಯಬಹುದು, ಅಥವಾ ಒಂದು ಕರ್ಣ ಅಡ್ಡವಾಗಿಯೂ ಇನ್ನೊಂದು ನೆಟ್ಟಗೂ ಇದ್ದು, ಎರಡೂ 6 ಮಾನಗಳಾಗಿ, (6, 4) ರಲ್ಲಿ ಪರಸ್ಪರ ಸಮಭಾಗವಾಗುವುದನ್ನು ಕಂಡು ಒಂದೇ ನೋಟದಲ್ಲಿ ತೀರ್ಮಾನಿಸಬಹುದು. ಎರಡು ಬೇರೆ ಬೇರೆ ದಾರಿಗಳಿಂದ ಸಾಧಿಸಿರಿ ಎಂಬ ಒಂದು ಸಾಲನ್ನು ಕೆಳಗೆ ಬರೆದರೆ ಸಾಕು.

ಇಬ್ಬರು ಪರೀಕ್ಷಕರು ಒಂದೇ ಉತ್ತರಕ್ಕೆ ಎರಡು ಬಗೆಯ ಅಂಕ ಕೊಟ್ಟಾರೆಂಬ ಭಯಕ್ಕೂ ಪರಿಹಾರವುಂಟು. ಉತ್ತರಪತ್ರಿಕೆಗಳನ್ನು ತಿದ್ದಲು ತೊಡಗುವ ಮೊದಲು ಶಾಲೆಯ ಅಥವಾ ಹೋಬಳಿಯ ಗಣಿತೋಪಾಧ್ಯಾಯರು ಒಟ್ಟಿಗೆ ಕುಳಿತು, ಹೆಸರು ಮುಚ್ಚಿದ ಕೆಲವು ಪತ್ರಿಕೆಗಳನ್ನು ಪ್ರತ್ಯೇಕವಾಗಿ ತಿದ್ದಿ, ಎಲ್ಲಿ ಭೇದ ಬಂದಿತೋ ಅಲ್ಲಿ ಕಾರಣಗಳನ್ನು ಪರಸ್ಪರ ಹೇಳಿಕೊಂಡು, ಒಪ್ಪಿದ ಮಾದರಿ ಉತ್ತರಗಳನ್ನು ಮುಂದಿಟ್ಟುಕೊಂಡೇ ಮಿಕ್ಕವನ್ನು ತಿದ್ದಬೇಕು. ಹನ್ನೆರಡು ಬಿಂದುಗಳನ್ನು ಬರೆದವನಿಗೂ ಒಂದೇ ವಾಕ್ಯವನ್ನು ಬರೆದವನಿಗೂ ಎಷ್ಟೆಷ್ಟು ಅಂಕ ಎಂಬ ಚರ್ಚೆಯು ಆ ಮೇಜಿನ ಸುತ್ತ ಒಮ್ಮೆ ಚೆನ್ನಾಗಿ ನಡೆಯಿತೆಂದರೆ, ಅದರಲ್ಲಿ ಭಾಗವಹಿಸಿದ ಉಪಾಧ್ಯಾಯರು ಮರುದಿನ ತರಗತಿಯಲ್ಲಿ ಕೇಳುವ ಪ್ರಶ್ನೆಗಳು ಅದಕ್ಕನುಗುಣವಾಗಿ ಬದಲಾಗದೆ ಇರಲಾರವು.